ಬೈದಿದ್ದು ನೆನಪಿದೆ, ಬ್ಯೂರೆಟ್ ಮರೆತುಹೋಗಿದೆ

ಮೊನ್ನೆ ಭಾನುವಾರ ಜಯನಗರದಲ್ಲಿ ನಮ್ಮ ಕೆಮಿಸ್ಟ್ರಿ ಮೇಷ್ಟ್ರಿಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸನ್ಮಾನ ಮಾಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಸಾಂಗವಾಗಿ ಆಯಿತು. ಆಮೇಲೆ ಮೈಕ್ ಹಿಡಿದವರೆಲ್ಲ ಹೇಳಿದ್ದು ಒಂದೇ ಮಾತು: ಸರ್ ಹೆಂಗೆ ಬೈತಿದ್ರು ಗೊತ್ತಾ! ಒಬ್ಬ ಅವರ ಧ್ವನಿಯಲ್ಲೇ ಬೈದು ತೋರಿಸಿದ. ಇನ್ನೊಬ್ಬ ರೆಕಾರ್ಡ್ ಬುಕ್ ಕಿಟಕಿಯಿಂದಾಚೆ ಹೋದ ಕಥೆ ಹೇಳಿದ. ಈಗ ದೊಡ್ಡ ಹುದ್ದೆಯಲ್ಲಿರುವ ಒಬ್ಬರು "ಅವತ್ತು ಸರ್ ಬೈದಿದ್ದಕ್ಕೇ ಇವತ್ತು ನಾನಿಲ್ಲಿದ್ದೀನಿ" ಅಂದು ಕಣ್ಣೊರೆಸಿಕೊಂಡರು. ಚಪ್ಪಾಳೆ. ಬಿಸಿಬೇಳೆಬಾತ್.

ಅಲ್ಲ ಸ್ವಾಮಿ, ಬೈಯೋದಕ್ಕೆ ಕೆಮಿಸ್ಟ್ರಿ ಎಂಎಸ್‌ಸಿ ಮಾಡಬೇಕಾ? ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ನಿಮಿಷ ನಿಂತರೆ ಅದಕ್ಕಿಂತ ಚೆನ್ನಾಗಿ ಬೈಯೋರು ಸಿಗ್ತಾರೆ. ಆ ಮನುಷ್ಯ ಇಷ್ಟು ವರ್ಷ ಲ್ಯಾಬಿನಲ್ಲಿ ನಿಂತು ಕಲಿಸಿದ್ದಾದರೂ ಏನು ಅಂತ ಒಬ್ಬರಾದರೂ ಹೇಳಬೇಡವಾ? ಕೆಳಗೆ ನಲ್ಲಿಯಿರೋ, ಗೀಟು ಹಾಕಿದ ಆ ಉದ್ದ ಗಾಜಿನ ಕೊಳವೆ ಇದೆಯಲ್ಲ, ಬ್ಯೂರೆಟ್, ಆ ಪದವೇ ವೇದಿಕೆ ಮೇಲೆ ಬರಲಿಲ್ಲ.

ನನ್ನ ಹೊಟ್ಟೆಪಾಡೂ ಈ ಕೆಮಿಸ್ಟ್ರಿಯಿಂದಲೇ ಅಂತ ಇಲ್ಲಿರೋರಿಗೆ ಗೊತ್ತೇ ಇದೆ. ಹಾಗಾಗಿ ಈ ಸಿಟ್ಟು ಸ್ವಲ್ಪ ಕಸುಬಿನದ್ದೂ ಹೌದು. ಬರಹ ಉದ್ದ ಇದೆ. ಓದೋಕೆ ಪುರುಸೊತ್ತಿಲ್ಲದವರು ಒಂದು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಮೇಷ್ಟ್ರ ಇಡೀ ಪಾಠ ಒಂದು ಪ್ರಶ್ನೆಯಲ್ಲಿತ್ತು: "ಜಾಸ್ತಿ ಬರುತ್ತೋ, ಕಮ್ಮಿ ಬರುತ್ತೋ? ಯಾಕೆ?" ತಪ್ಪು ಕಂಡರೆ ಅವರಿಗೆ ರೇಗುತ್ತಿದ್ದದ್ದು ನಿಜ. ಆದರೆ ಎಂಥಾ ಎಡವಟ್ಟು ಮಾಡಿದವರೂ ಈ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟರೆ ಸಿಟ್ಟು ಅಲ್ಲೇ ಇಳಿದುಹೋಗುತ್ತಿತ್ತು. "ಗೊತ್ತಿಲ್ಲ ಸರ್, ಮ್ಯಾನ್ಯುಯಲ್‌ನಲ್ಲಿ ಹಂಗೇ ಇದೆ" ಅಂದವರಿಗೆ ಮಾತ್ರ ಆ ಪ್ರಸಿದ್ಧ ಮಂಗಳಾರತಿ. ವೇದಿಕೆ ಮೇಲೆ ಮಿಮಿಕ್ರಿಯಾಗಿ ಬಂದದ್ದು ಮಂಗಳಾರತಿ ಮಾತ್ರ. ಪ್ರಶ್ನೆ ಎಲ್ಲಿ ಹೋಯಿತೋ.

ಟೈಟ್ರೇಷನ್ ಅಂದರೆ ಇಷ್ಟೇ: ಪಿಪೆಟ್ ಅನ್ನೋ ಕೊಳವೆಯಲ್ಲಿ ಅಳೆದ ದ್ರಾವಣವನ್ನು ಕಾನಿಕಲ್ ಫ್ಲಾಸ್ಕ್‌ಗೆ ಹಾಕಿ, ಬಣ್ಣ ಬದಲಾಗೋತನಕ ಬ್ಯೂರೆಟ್‌ನಿಂದ ಇನ್ನೊಂದು ದ್ರಾವಣ ಬಿಟ್ಟು, ಅದು ಎಷ್ಟು ಎಂಎಲ್ ಖರ್ಚಾಯಿತು ಅಂತ ರೀಡಿಂಗ್ ತಗೊಳ್ಳೋದು. ಮೊದಲು ತೊಳೆಯೋ ವಿಚಾರ ತಗೊಳ್ಳಿ. ಬ್ಯೂರೆಟ್ ಅನ್ನು ನೀರಿನಲ್ಲಿ ತೊಳೆದ ಮೇಲೆ, ಅದರೊಳಗೆ ಯಾವ ದ್ರಾವಣ ತುಂಬುತ್ತೀವೋ ಅದನ್ನೇ ಐದೈದು ಎಂಎಲ್ ಹಾಕಿ ಎರಡು ಸಲ ಒಳಗೆಲ್ಲ ಆಡಿಸಿ ಚೆಲ್ಲಬೇಕು. ಪಿಪೆಟ್‌ಗೂ ಹಾಗೇ. ಕಾನಿಕಲ್ ಫ್ಲಾಸ್ಕ್‌ಗೆ ಮಾತ್ರ ಬರೀ ಡಿಸ್ಟಿಲ್ಡ್ ವಾಟರ್. ಇದನ್ನು ಎಲ್ಲಾ ಕಾಲೇಜಿನಲ್ಲೂ ಹೇಳ್ತಾರೆ, ಹುಡುಗರು ಬಾಯಿಪಾಠ ಮಾಡ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೀತಾರೆ. ಮೇಷ್ಟ್ರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಬ್ಯೂರೆಟ್‌ನಲ್ಲಿ ನೀರು ಉಳಿದಿತ್ತು ಅನ್ನಿ, ರೀಡಿಂಗ್ ಏನಾಗುತ್ತೆ? ದ್ರಾವಣ ತೆಳುವಾಗುತ್ತೆ, ಅದೇ ಕೆಲಸಕ್ಕೆ ಹೆಚ್ಚು ಎಂಎಲ್ ಬೇಕು, ಜಾಸ್ತಿ. ಪಿಪೆಟ್‌ನಲ್ಲಿ ನೀರು ಉಳಿದಿದ್ದರೆ? ಫ್ಲಾಸ್ಕ್‌ಗೆ ಹೋಗೋ ಸರಕೇ ಕಡಿಮೆ, ಆದ್ದರಿಂದ ಕಮ್ಮಿ. ಫ್ಲಾಸ್ಕ್‌ನಲ್ಲೇ ನೀರು ಉಳಿದಿದ್ದರೆ? ಏನೂ ಆಗಲ್ಲ. ಅಳೆದು ಹಾಕಿದ ಸರಕು ಅಷ್ಟೇ ಇರುತ್ತೆ, ಸುತ್ತ ಎಷ್ಟು ನೀರಿದ್ದರೇನು. ಅದೇ ಫ್ಲಾಸ್ಕ್ ಅನ್ನು ಅತಿಬುದ್ಧಿವಂತಿಕೆ ಮಾಡಿ ದ್ರಾವಣದಲ್ಲಿ ತೊಳೆದಿದ್ದರೆ, ಗೋಡೆಗಂಟಿದ್ದು ಲೆಕ್ಕಕ್ಕೆ ಸಿಗದೆ ಸೇರಿಕೊಳ್ಳುತ್ತೆ, ಜಾಸ್ತಿ.

ಇದಿಷ್ಟು ತಲೆಗೆ ಹತ್ತಿದವರಿಗೆ ಬಾಯಿಪಾಠ ಬೇಕಾಗಿಲ್ಲ. ಎಲ್ಲಿ ಅಳತೆ ನಡೆಯುತ್ತೋ ಆ ಪಾತ್ರೆಯೊಳಗೆ ಪರಕೀಯ ನೀರಿರಬಾರದು, ಅಷ್ಟೆ.

ಫನಲ್ ಕಥೆ ಇನ್ನೂ ಚೆನ್ನಾಗಿದೆ. ಬ್ಯೂರೆಟ್ ತುಂಬಿದ ಮೇಲೆ ಫನಲ್ ತೆಗೆಯದೆ ಹಾಗೇ ಬಿಡೋರು ಪ್ರತಿ ಬ್ಯಾಚಿನಲ್ಲೂ ಇರ್ತಾರೆ. ಶುರುವಿನ ರೀಡಿಂಗ್ ಬರೆದುಕೊಂಡ ಮೇಲೆ ಫನಲ್ ಬುಡದಲ್ಲಿದ್ದ ಹನಿ ಟಪ್ ಅಂತ ಒಳಗೆ ಬೀಳುತ್ತೆ. ನಾವು ಬರೆದುಕೊಂಡದ್ದಕ್ಕಿಂತ ಹೆಚ್ಚು ದ್ರಾವಣ ಒಳಗಿರುತ್ತೆ, ಕೊನೆಗೆ ನೋಡಿದಾಗ ಖರ್ಚು ಕಮ್ಮಿ ಕಾಣುತ್ತೆ. ಇದರ ತದ್ವಿರುದ್ಧ ನಲ್ಲಿ ಕೆಳಗಿನ ಗಾಳಿಗುಳ್ಳೆ. ಸ್ಟಾಪ್‌ಕಾಕ್ ಕೆಳಗಿನ ಮೂತಿಯಲ್ಲಿ ಗುಳ್ಳೆ ಸಿಕ್ಕಿಕೊಂಡಿದ್ದು ಟೈಟ್ರೇಷನ್ ಮಧ್ಯೆ ಹೊರಗೆ ಬಂದರೆ, ಆ ಜಾಗ ತುಂಬೋಕೆ ಹೋದ ದ್ರಾವಣ ಫ್ಲಾಸ್ಕ್‌ಗೆ ಬಿದ್ದೇ ಇಲ್ಲ, ಆದರೂ ಲೆಕ್ಕಕ್ಕೆ ಸೇರಿಬಿಡುತ್ತೆ. ಜಾಸ್ತಿ. ಮೊದಲೇ ನಲ್ಲಿಯನ್ನು ಒಂದು ಸಲ ಪೂರ್ತಿ ತೆಗೆದು ಜೋರಾಗಿ ಬಿಟ್ಟರೆ ಗುಳ್ಳೆ ಹೋಗುತ್ತೆ. ಎರಡು ಸೆಕೆಂಡಿನ ಕೆಲಸ.

ಮೇಷ್ಟ್ರಿಗೆ ಅತ್ಯಂತ ಪ್ರಿಯವಾದದ್ದು ಕಣ್ಣಿನ ಮಟ್ಟ. ಕಣ್ಣು ಮೆನಿಸ್ಕಸ್ (ಕೊಳವೆಯೊಳಗಿನ ದ್ರಾವಣದ ಬಾಗಿದ ಮೇಲ್ಮೈ) ಮಟ್ಟದಲ್ಲೇ ಇರಬೇಕು ಅಂತ ಎಲ್ಲರಿಗೂ ಗೊತ್ತು. ಇಲ್ಲದಿದ್ದರೆ ಏನು ಅನ್ನೋದು ಯಾರಿಗೂ ಗೊತ್ತಿರಲ್ಲ. ಬ್ಯೂರೆಟ್‌ನ ಅಂಕಿ ಮೇಲಿನಿಂದ ಕೆಳಕ್ಕೆ ಏರುತ್ತಾ ಹೋಗುತ್ತೆ, ಗೀಟುಗಳು ನಮ್ಮ ಕಡೆಯ ಗೋಡೆಯಲ್ಲಿರುತ್ತವೆ. ಶುರುವಿನ ರೀಡಿಂಗ್ ತುದಿಯಲ್ಲಿ, ತಲೆಗಿಂತ ಎತ್ತರದಲ್ಲಿ. ಕೆಳಗಿನಿಂದ ಕತ್ತೆತ್ತಿ ನೋಡಿದರೆ ದೃಷ್ಟಿ ಕೆಳಗಿನ ಗೀಟನ್ನು ಹಾದು ಹೋಗುತ್ತೆ, ಅಂಕಿ ದೊಡ್ಡದಾಗುತ್ತೆ. ಕೊನೆಯ ರೀಡಿಂಗ್ ಕೆಳಗಡೆ. ನಿಂತಲ್ಲಿಂದಲೇ ಬಗ್ಗದೆ ನೋಡಿದರೆ ದೃಷ್ಟಿ ಮೇಲಿನ ಗೀಟನ್ನು ಹಾಯುತ್ತೆ, ಅಂಕಿ ಚಿಕ್ಕದಾಗುತ್ತೆ. ಎರಡೂ ತಪ್ಪು ಒಂದೇ ಕಡೆಗೆ ಎಳೆಯುತ್ತವೆ, ಒಂದನ್ನೊಂದು ಹೊಡೆದುಹಾಕೋದಿಲ್ಲ. ಹಾಗಾಗಿ ಸೊಂಟ ಬಗ್ಗಿಸದ ಸೋಮಾರಿಗೆ ಉತ್ತರ ಯಾವಾಗಲೂ ಕಮ್ಮಿ. ಪರ್ಮಾಂಗನೇಟ್‌ನಂಥ ಗಾಢ ಬಣ್ಣದ ದ್ರಾವಣವಾದರೆ ಮೆನಿಸ್ಕಸ್‌ನ ಕೆಳಗಿನ ಅಂಚು ಕಾಣಿಸೋದೇ ಇಲ್ಲ, ಮೇಲಿನ ಅಂಚನ್ನೇ ಓದಬೇಕು. ಎರಡು ಸಲವೂ ಮೇಲಿನದ್ದನ್ನೇ ಓದಿದರೆ ತೊಂದರೆ ಇಲ್ಲ.

ಇನ್ನು ಕೊನೆಯ ಹನಿ. ಸಾಮಾನ್ಯವಾಗಿ ಬ್ಯೂರೆಟ್‌ನ ಒಂದು ಹನಿ ಸುಮಾರು 0.05 ಎಂಎಲ್. ಎಂಡ್ ಪಾಯಿಂಟ್ (ಬಣ್ಣ ಬದಲಾಗೋ ಘಟ್ಟ) ಹತ್ತಿರ ಬಂದಾಗ ಅದೂ ಹೆಚ್ಚೇ. ಆಗ ಎಡಗೈಯಲ್ಲಿ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮೂತಿಯಲ್ಲಿ ಹನಿ ಮೂಡಿ, ಉಬ್ಬಿ, ಬೀಳಲೋ ಬೇಡವೋ ಅಂತ ನೇತಾಡುತ್ತೆ. ಬೀಳೋಕೆ ಮುಂಚೆ ನಲ್ಲಿ ಮುಚ್ಚಿ, ಫ್ಲಾಸ್ಕ್‌ನ ಒಳಗೋಡೆಗೆ ಮೂತಿ ತಾಗಿಸಿ ಆ ಅರ್ಧ ಹನಿಯನ್ನು ಇಳಿಸಿಕೊಂಡು, ವಾಶ್ ಬಾಟಲಿಯಿಂದ ಸ್ವಲ್ಪ ಡಿಸ್ಟಿಲ್ಡ್ ವಾಟರ್ ಬಿಟ್ಟು ಒಳಕ್ಕೆ ತೊಳೆದು ಆಡಿಸಬೇಕು. ಕೆಳಗೆ ಬಿಳಿ ಟೈಲ್ ಇರಲೇಬೇಕು. ಇದನ್ನು ಮೇಷ್ಟ್ರು ಮಾಡಿ ತೋರಿಸುವಾಗ ಇಡೀ ಲ್ಯಾಬು ಸುಮ್ಮನಾಗುತ್ತಿತ್ತು. ಅದು ಹೆದರಿಕೆಯ ಮೌನ ಅಂತ ಭಾಷಣಕಾರರು ಹೇಳಿದರು. ಅಯ್ಯೋ ರಾಮ. ಅಂಥಾ ಕೈಚಳಕ ನೋಡುವಾಗ ಯಾರಾದರೂ ಮಾತಾಡ್ತಾರಾ?

ರೀಡಿಂಗ್ ಕದಿಯೋರ ವಿಷಯಕ್ಕೆ ಬರೋಣ, ಬೈಗುಳದ ಮುಕ್ಕಾಲು ಪಾಲು ಅಲ್ಲೇ ಖರ್ಚಾಗುತ್ತಿದ್ದದ್ದು. ಎಷ್ಟೋ ಲ್ಯಾಬುಗಳಲ್ಲಿ ಎಲ್ಲರಿಗೂ ಒಂದೇ ದ್ರಾವಣ, ಉತ್ತರ ಸೀನಿಯರ್‌ಗಳಿಂದ ಬಳುವಳಿಯಾಗಿ ಬರುತ್ತೆ. ನಮ್ಮ ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಸಾಂದ್ರತೆ ಬದಲಿಸಿ, ಬಾಟಲಿಗೆ ಬರೀ ನಂಬರ್ ಹಾಕಿ, ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಪಕ್ಕದವನ 18.6 ನಕಲು ಮಾಡಿದವನ ಕಥೆ ಅಲ್ಲಿಗೆ ಮುಗಿಯಿತು. ಅಬ್ಸರ್ವೇಷನ್ ಬುಕ್‌ಗೆ ಪೆನ್‌ನಲ್ಲೇ, ಆಗಿಂದಾಗಲೇ ಬರೆಯಬೇಕು. ಕೈಮೇಲೆ ಬರೆದುಕೊಂಡು ಆಮೇಲೆ ಇಳಿಸೋ ಹಾಗಿಲ್ಲ. ರಬ್ಬರ್ ಇಲ್ಲ, ವೈಟ್ನರ್ ಇಲ್ಲ. ತಪ್ಪಾಯಿತೋ, ಒಂದೇ ಗೀಟು ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಹಳೇ ಅಂಕಿ ಓದೋಕಾಗುವ ಹಾಗೆ ಇರಬೇಕು. 0.1 ಎಂಎಲ್ ಒಳಗೆ ಹೊಂದುವ ಮೂರು ರೀಡಿಂಗ್ ಬರೋತನಕ ಮನೆಗೆ ಹೋಗೋ ಮಾತಿಲ್ಲ. 20 ಎಂಎಲ್‌ನಲ್ಲಿ 0.1 ಅಂದರೆ ನೂರಕ್ಕೆ ಅರ್ಧ ಪಾಲು, ಅದಕ್ಕಿಂತ ಹೆಚ್ಚು ತಪ್ಪು ಆ ಗಾಜಿನದ್ದಲ್ಲ, ನಮ್ಮದು.

ಪರ್ಮಾಂಗನೇಟ್ ಬಗ್ಗೆ ಬರೆಯದೆ ಇದ್ದರೆ ಈ ಬರಹ ಮೇಷ್ಟ್ರಿಗೆ ಮಾಡೋ ಅವಮಾನ. ಲೀಟರಿಗೆ 3.16 ಗ್ರಾಂ ಹಾಕಿದರೆ 0.1 ನಾರ್ಮಲ್ (ಸಾಂದ್ರತೆಯ ಒಂದು ಅಳತೆ) ಅಂತ ಲೆಕ್ಕ ಹೇಳುತ್ತೆ. ಆದರೆ ಹಾಗೆ ತೂಗಿ ಹಾಕಿದ್ದನ್ನು ನಂಬೋ ಹಾಗಿಲ್ಲ. ಪುಡಿಯಲ್ಲೇ ಸ್ವಲ್ಪ ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತೆ, ನೀರಿನಲ್ಲಿರೋ ಸಾವಯವ ಕಸವೂ ಒಂದಿಷ್ಟನ್ನು ತಿನ್ನುತ್ತೆ, ಆಗ ಹುಟ್ಟೋ ಕಂದು ಪುಡಿ ಉಳಿದದ್ದನ್ನೂ ಕೆಡಿಸುತ್ತೆ. ಅದಕ್ಕೇ ಕುದಿಸಿ, ಆರಿಸಿ, ಗಾಜಿನ ಉಣ್ಣೆಯಲ್ಲಿ ಸೋಸಿ, ಕಂದು ಬಾಟಲಿಯಲ್ಲಿ ಕತ್ತಲಲ್ಲಿಡಬೇಕು. ಫಿಲ್ಟರ್ ಪೇಪರ್‌ನಲ್ಲಿ ಸೋಸೋಕೆ ಹೋದರೆ ಪೇಪರೇ ಅದನ್ನು ಕೆಡಿಸುತ್ತೆ. ಆಮೇಲೆ ಆಕ್ಸಾಲಿಕ್ ಆಸಿಡ್ ವಿರುದ್ಧ ಸ್ಟ್ಯಾಂಡರ್ಡೈಸ್ ಮಾಡಬೇಕು, ಅಂದರೆ ಸಾಂದ್ರತೆ ಗೊತ್ತಿರೋ ಆ ಆಸಿಡ್ ಜೊತೆ ಟೈಟ್ರೇಷನ್ ಮಾಡಿ ಇದರ ನಿಜವಾದ ಸಾಂದ್ರತೆ ಕಂಡುಹಿಡಿಯಬೇಕು. 250 ಎಂಎಲ್‌ಗೆ 1.575 ಗ್ರಾಂ, ಅದು 0.1 ನಾರ್ಮಲ್. 20 ಎಂಎಲ್ ಪಿಪೆಟ್ ಮಾಡಿ, ಅಷ್ಟೇ ಡೈಲ್ಯೂಟ್ ಸಲ್ಫ್ಯೂರಿಕ್ ಹಾಕಿ, 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು.

ಇಲ್ಲಿ ಪ್ರಶ್ನೆಗಳ ಸುರಿಮಳೆ. ಹೈಡ್ರೋಕ್ಲೋರಿಕ್ ಯಾಕಾಗಬಾರದು? ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಕ್ಲೋರಿನ್ ಮಾಡುತ್ತೆ, ಖರ್ಚು ಜಾಸ್ತಿ. ನೈಟ್ರಿಕ್? ಅದೇ ಒಂದು ಆಕ್ಸಿಡೈಸರ್, ಪರ್ಮಾಂಗನೇಟ್ ಮಾಡಬೇಕಾದ ಕೆಲಸವನ್ನು ತಾನೇ ಮಾಡಿಬಿಡುತ್ತೆ, ಕಮ್ಮಿ. ಬಿಸಿ ಯಾಕೆ? ತಣ್ಣಗಿದ್ದರೆ ಕ್ರಿಯೆ ತೆವಳುತ್ತೆ. ಬಿಸಿ ಮಾಡಿದರೂ ಮೊದಲ ಎರಡು ಮೂರು ಹನಿಯ ಬಣ್ಣ ಹೋಗೋಕೆ ಹೊತ್ತು ಹಿಡಿಯುತ್ತೆ. ತಾಳ್ಮೆಯಿಲ್ಲದವರು ಅಲ್ಲೇ ಇನ್ನಷ್ಟು ಸುರಿದು ಫ್ಲಾಸ್ಕ್ ಪೂರ್ತಿ ಕಂದು ಮಾಡಿಕೊಳ್ತಾರೆ. ಕಾದರೆ ಮ್ಯಾಂಗನೀಸ್ ಅಯಾನು ಹುಟ್ಟಿಕೊಂಡು ಅದೇ ಕ್ರಿಯೆಗೆ ವೇಗವರ್ಧಕವಾಗುತ್ತೆ, ಆಮೇಲೆ ಹನಿ ಬಿದ್ದ ಕ್ಷಣ ಬಣ್ಣ ಮಾಯ. ಆಸಿಡ್ ಸಾಲದಿದ್ದರೂ ಅದೇ ಕಂದು ರಾಡಿ. ಕುದಿಸಿಬಿಟ್ಟರೆ? ಆಕ್ಸಾಲಿಕ್ ಆಸಿಡ್ಡೇ ಒಡೆದುಹೋಗುತ್ತೆ, ರೀಡಿಂಗ್ ಕಮ್ಮಿ, ಅದರಿಂದ ಲೆಕ್ಕ ಹಾಕಿದ ನಾರ್ಮಾಲಿಟಿ ಜಾಸ್ತಿ. ಈ ಎರಡನೇ ಅರ್ಧ ಹೇಳೋರು ಬ್ಯಾಚಿಗೆ ಒಬ್ಬರೋ ಇಬ್ಬರೋ. ಹೇಳಿದವರ ಬೆನ್ನು ತಟ್ಟುತ್ತಿದ್ದರು ಮೇಷ್ಟ್ರು. ಅದನ್ನೂ ಮಿಮಿಕ್ರಿ ಮಾಡಬಹುದಿತ್ತಲ್ಲ?

ಈಗ ಕಾಮೆಂಟಿನಲ್ಲಿ ಬರೋದೇನು ಅಂತ ಗೊತ್ತು. "ಕಲಿಸಿದ್ದು ಸರಿ, ಆದರೆ ಅವರ ಬಾಯಿಗೆ ಸಿಕ್ಕು ಎಷ್ಟೋ ಹುಡುಗರು ಕೆಮಿಸ್ಟ್ರಿನೇ ಬಿಟ್ಟರು." ಇರಬಹುದು. ನಿಜ ಹೇಳ್ತೀನಿ, ಸಿಟ್ಟಿನ ಮೇಷ್ಟ್ರುಗಳನ್ನು ಕಂಡರೆ ನನಗೂ ಆಗೋದಿಲ್ಲ, ಇವರ ಬೈಗುಳದಲ್ಲಿ ಅರ್ಧದಷ್ಟು ಬೇಕಾಗಿರಲೂ ಇಲ್ಲ. ಪೂಜೆ ಮಾಡಿ ಅಂತ ನಾನು ಹೇಳ್ತಿಲ್ಲ. ಆದರೆ ಬೈಗುಳವನ್ನು ಹೊಗಳೋರೂ ತೆಗಳೋರೂ ಮಾತಾಡ್ತಿರೋದು ಬೈಗುಳದ ಬಗ್ಗೆಯೇ ತಾನೇ? ಪಾಠ ಇಬ್ಬರಿಗೂ ಬೇಡ.

ಬೆಂಗಳೂರಿಗೆ ಇದು ಹಳೇ ಚಾಳಿ. ಎಚ್. ನರಸಿಂಹಯ್ಯನವರನ್ನೇ ನೋಡಿ. ಅವರ ಹೆಸರೆತ್ತಿದರೆ ಖಾದಿ, ಟೋಪಿ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆ, ಇಷ್ಟರಲ್ಲಿ ಮುಗಿಸ್ತೀವಿ. ಆ ಫಿಸಿಕ್ಸ್ ಮೇಷ್ಟ್ರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರವಾರ ವಿಜ್ಞಾನಿಗಳನ್ನು ಕರೆಸಿ ಜನಸಾಮಾನ್ಯರ ಮುಂದೆ ಮಾತಾಡಿಸಿದ್ದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷೆಗೊಡ್ಡೋಕೆ ಸಮಿತಿ ಮಾಡಿದ್ದು, ಇವೆಲ್ಲ ಹೇಳೋಕೆ ಹೊತ್ತು ಬೇಕು. ಸರಳ ಜೀವನಕ್ಕೆ ಕೈಮುಗಿದುಬಿಟ್ಟರೆ ಪ್ರಶ್ನೆ ಕೇಳೋ ತಾಪತ್ರಯ ಇಲ್ಲ.

ಇನ್ನೊಂದು ವಾದ ಐಟಿ ಗೆಳೆಯರದ್ದು. ಈಗೆಲ್ಲ ಆಟೋ ಟೈಟ್ರೇಟರ್ ಬಂದಿದೆ, ಬಟನ್ ಒತ್ತಿದರೆ ಉತ್ತರ ಬರುತ್ತೆ, ಹನಿ ಎಣಿಸೋದೆಲ್ಲ ಯಾಕೆ? ಜಿಗಣಿ, ಬೊಮ್ಮಸಂದ್ರ, ಪೀಣ್ಯ ಕಡೆಯ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬುಗಳಲ್ಲಿ ಕೆಲಸ ಮಾಡೋರನ್ನು ಕೇಳಿ. ಮೆಷಿನ್‌ನ ಟ್ಯೂಬಿನಲ್ಲೂ ಗುಳ್ಳೆ ಸಿಕ್ಕಿಕೊಳ್ಳುತ್ತೆ. ಅದರ ದ್ರಾವಣವನ್ನೂ ಸ್ಟ್ಯಾಂಡರ್ಡೈಸ್ ಮಾಡಬೇಕು. ಅದರ ಪಿಎಚ್ ಎಲೆಕ್ಟ್ರೋಡಿಗೂ 4, 7, 10ರ ಬಫರ್ (ಪಿಎಚ್ ಸ್ಥಿರವಾಗಿರೋ ದ್ರಾವಣ) ತೋರಿಸಿ ದಾರಿಗೆ ತರಬೇಕು. ತಪ್ಪು ಉತ್ತರವನ್ನು ಮೆಷಿನ್ ಮೂರು ದಶಮಾಂಶ ಸ್ಥಾನದವರೆಗೆ ಪ್ರಿಂಟ್ ಮಾಡಿಕೊಡುತ್ತೆ, ಅಷ್ಟೇ ವ್ಯತ್ಯಾಸ. ಜಾಸ್ತಿಯೋ ಕಮ್ಮಿಯೋ ಅಂತ ಅದು ಕೇಳಲ್ಲ.

ರಬ್ಬರ್ ಬೇಡ ಅನ್ನೋ ಮೇಷ್ಟ್ರ ನಿಯಮ ಇತ್ತಲ್ಲ, ಅದಕ್ಕೆ ಔಷಧ ಕಂಪನಿಗಳಲ್ಲಿ ಈಗ ಡೇಟಾ ಇಂಟೆಗ್ರಿಟಿ ಅಂತ ಹೆಸರು. ಯಾರು ಬರೆದದ್ದು, ಓದೋಕಾಗುತ್ತಾ, ಆಗಲೇ ಬರೆದದ್ದಾ, ಮೂಲ ಪ್ರತಿಯಾ, ಸರಿಯಾಗಿದೆಯಾ, ಇವೇ ಐದು ಪ್ರಶ್ನೆ. ಅಮೆರಿಕದ ಎಫ್‌ಡಿಎ (ಔಷಧ ನಿಯಂತ್ರಣ ಸಂಸ್ಥೆ) ಇನ್ಸ್‌ಪೆಕ್ಟರುಗಳು ಬಂದು ನೋಡೋದೂ ಅದನ್ನೇ. ಚೀಟಿಯಲ್ಲಿ ಬರೆದು ಆಮೇಲೆ ಇಳಿಸಿದ್ದು, ಹಿಂದಿನ ತಾರೀಕು ಹಾಕಿದ್ದು ಸಿಕ್ಕಿಬಿದ್ದರೆ ವಾರ್ನಿಂಗ್ ಲೆಟರ್‌ವರೆಗೂ ಹೋಗುತ್ತೆ. ಕಂಪನಿಗಳು ದುಡ್ಡು ಕೊಟ್ಟು ಇದಕ್ಕೆ ಟ್ರೈನಿಂಗ್ ಮಾಡಿಸ್ತಾವೆ. ಮೇಷ್ಟ್ರು ಪುಕ್ಕಟೆ ಮಾಡಿದ್ದರು, ಜೊತೆಗೆ ಮಂಗಳಾರತಿ ಬೇರೆ.

ಒಂದು ಪ್ರಯೋಗಕ್ಕೆ ಮಾತ್ರ ಅವರು ದ್ರಾವಣ ಕೊಡುತ್ತಲೇ ಇರಲಿಲ್ಲ. ಮನೆ ನೀರು ತನ್ನಿ ಅನ್ನುತ್ತಿದ್ದರು. ಕಾವೇರಿ ನೀರಿನವರು, ಬೋರ್‌ವೆಲ್‌ನವರು, ಟ್ಯಾಂಕರ್‌ನವರು, ಎಲ್ಲರ ಬಾಟಲಿಯೂ ಸಾಲಾಗಿ ಬೆಂಚಿನ ಮೇಲೆ. ನೀರಿನ ಗಡಸುತನ, ಅಂದರೆ ಅದರಲ್ಲಿರೋ ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ ಎಷ್ಟು ಅಂತ ಅಳೆಯೋದು. 50 ಎಂಎಲ್ ನೀರು, 2 ಎಂಎಲ್ ಅಮೋನಿಯಾ ಬಫರ್, ಎರಡು ಮೂರು ಹನಿ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೋ ಬಣ್ಣದ ಸೂಚಕ, ಬ್ಯೂರೆಟ್‌ನಲ್ಲಿ 0.01 ಮೋಲಾರ್ ಇಡಿಟಿಎ (ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಹಿಡಿದುಕೊಳ್ಳೋ ರಾಸಾಯನಿಕ), ಅಂದರೆ ಲೀಟರಿಗೆ 3.72 ಗ್ರಾಂ. ದ್ರಾಕ್ಷಾರಸದ ಕೆಂಪು ಹೋಗಿ ನೀಲಿ ಬಂದಲ್ಲಿ ನಿಲ್ಲಿಸಿ, ಖರ್ಚಾದ ಎಂಎಲ್ ಅನ್ನು 20ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅನ್ನೋದು ಸಿಗುತ್ತೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. 18.5 ಬಂದರೆ 370. ಕುಡಿಯೋ ನೀರಿನ ಭಾರತೀಯ ಮಾನಕದಲ್ಲಿ 200 ಮೀರಬಾರದು, ಬೇರೆ ಗತಿಯೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ.

ಕೆಡೋದು ಎಲ್ಲಿ ಅಂದರೆ ಬಫರ್‌ನಲ್ಲಿ. 17.5 ಗ್ರಾಂ ಅಮೋನಿಯಂ ಕ್ಲೋರೈಡ್, 142 ಎಂಎಲ್ ಗಾಢ ಅಮೋನಿಯಾ, ನೀರು ಸೇರಿಸಿ 250 ಎಂಎಲ್. ಪಿಎಚ್ 10 ಬರುತ್ತೆ. ಬಾಟಲಿ ಮುಚ್ಚಳ ಸಡಿಲ ಬಿಟ್ಟರೆ ಅಮೋನಿಯಾ ಹಾರಿಹೋಗಿ ಪಿಎಚ್ ಇಳಿಯುತ್ತೆ, ಕೆಂಪೂ ಅಲ್ಲದ ನೀಲಿಯೂ ಅಲ್ಲದ ನೇರಳೆ ಬಣ್ಣದಲ್ಲಿ ಹುಡುಗರು ಒದ್ದಾಡ್ತಾರೆ. ಬಫರ್ ಹಾಕಿ ಹರಟೆಗೆ ನಿಂತರೂ ಕೆಟ್ಟಿತು, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತೆ, ರೀಡಿಂಗ್ ಕಮ್ಮಿ. ಐದು ನಿಮಿಷದೊಳಗೆ ಮುಗಿಸಬೇಕು. ಕೊನೆಯಲ್ಲಿ ಮ್ಯಾಗ್ನೀಸಿಯಂ ಬಣ್ಣದ ಸೂಚಕವನ್ನು ನಿಧಾನಕ್ಕೆ ಬಿಟ್ಟುಕೊಡೋದರಿಂದ ಅಲ್ಲಿ ಮಾತ್ರ ಹನಿಹನಿಯಾಗಿ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಆ ಸಭೆಯಲ್ಲಿದ್ದ ಅರ್ಧ ಜನ ಈಗ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನುಗಳ ಪದಾಧಿಕಾರಿಗಳು. ಸಾಫ್ಟ್‌ನರ್ ಮಾರೋಕೆ ಬಂದ ಹುಡುಗ ಸಣ್ಣ ಪ್ಲಾಸ್ಟಿಕ್ ಸೀಸೆಯಲ್ಲಿ ನೀರು ಹಿಡಿದು, ಹನಿ ಎಣಿಸಿ, "ಸಾರ್, ತುಂಬಾ ಹಾರ್ಡು" ಅಂದ ಕೂಡಲೇ ಚೆಕ್ ಬರೆದು ಕೊಡ್ತಾರೆ. ಅಂಥ ಬಹಳಷ್ಟು ಕಿಟ್‌ಗಳಲ್ಲಿರೋದು ಇದೇ ಇಡಿಟಿಎ, ಇದೇ ಕೆಂಪು ನೀಲಿ. ಹಿಂದಿನ ಬಿಲ್ಡಿಂಗ್‌ನ ಬೋರ್‌ವೆಲ್ ನೀರು ಸೀಸೆಯ ತಳದಲ್ಲಿ ಉಳಿದಿದ್ದರೆ ನಿಮ್ಮ ಕಾವೇರಿ ನೀರಿನ ಲೆಕ್ಕ ಜಾಸ್ತಿ ಬರುತ್ತೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಒರೆಸದೆ ಬಿಟ್ಟಿದ್ದರೆ ಕಮ್ಮಿ. ಫ್ಲಾಸ್ಕ್ ನಿಯಮ ಬಾಯಿಪಾಠ ಮಾಡಿದವರು ಇಲ್ಲೇ ಎಡವೋದು. ಆ ಸೀಸೆಗೆ ಗೀಟಿದೆ, ಗೀಟಿನವರೆಗೆ ತುಂಬಿ ಅಳೆಯೋದು ಸೀಸೆಯಲ್ಲೇ. ಆದ್ದರಿಂದ ಅದನ್ನು ಪರೀಕ್ಷೆ ಮಾಡೋ ನೀರಿನಲ್ಲೇ ಎರಡು ಸಲ ತೊಳೆದು ಚೆಲ್ಲಬೇಕು. ಆಮೇಲೆ ಹನಿ ಎಣಿಸಿ ಅನ್ನಿ.